ನಕಲಿನ ನೀತಿ: ಬದಲಾಗುವ ಸ್ವಾಮ್ಯ, ಬದಲಾಗದ ಋಣ

ಜಾರ್ಜ್ ಆರ್ವೆಲ್ ತೀರಿಕೊಂಡದ್ದು 1950ರ ಜನವರಿಯಲ್ಲಿ. 1949ರಲ್ಲಿ ಅಚ್ಚಾದ ಅವರ ‘ನೈನ್‌ಟೀನ್ ಎಯ್ಟಿ-ಫೋರ್’ ಕಾದಂಬರಿಯ ಕೃತಿಸ್ವಾಮ್ಯ ಆಸ್ಟ್ರೇಲಿಯದಲ್ಲಿ 2000ದ, ಭಾರತದಲ್ಲಿ 2010ರ, ಬ್ರಿಟನ್ನಿನಲ್ಲಿ 2020ರ ಕೊನೆಗೆ ಮುಗಿಯಿತು. ಮರಣಾನಂತರ ಈ ದೇಶಗಳು ಕ್ರಮವಾಗಿ 50, 60, 70 ವರ್ಷ ಎಣಿಸಿದವು. ಅಮೆರಿಕವಾದರೋ ಅಂದಿನ ಪುಸ್ತಕಗಳಿಗೆ ಪ್ರಕಟಣೆಯಿಂದ 95 ವರ್ಷ ಎಣಿಸುವುದರಿಂದ ಅಲ್ಲಿ ಆ ಸ್ವಾಮ್ಯ 2044ರ ಕೊನೆಯವರೆಗೂ ಉಳಿದಿರುತ್ತದೆ. ಬೆಂಗಳೂರಿನಲ್ಲಿ ಮರುಮುದ್ರಿಸಿದರೆ ಕಾನೂನುಬದ್ಧ, ನ್ಯೂಯಾರ್ಕಿನಲ್ಲಾದರೆ ಉಲ್ಲಂಘನೆ. ಹಾಗಾದರೆ ನಕಲಿನ ಸರಿತಪ್ಪುಗಳನ್ನು ಅಳೆಯುವುದು ಹೇಗೆ? ಮಾರಾಟದ ಏಕಸ್ವಾಮ್ಯವು ಆಯಾ ಸಮಾಜ ಲೇಖಕರೊಂದಿಗೆ ಮಾಡಿಕೊಂಡ ಒಪ್ಪಂದ. ಕರ್ತೃವಿನ ಹೆಸರನ್ನೂ ಪಠ್ಯವನ್ನೂ ಕೆಡದಂತೆ ಉಳಿಸುವುದು ಎಲ್ಲೆಡೆ ಸಲ್ಲಬೇಕಾದ ಋಣ. ಇವೆರಡನ್ನು ಬೇರ್ಪಡಿಸಿ ನೋಡಿದರೆ ಮಾತ್ರ ಉತ್ತರ ದೊರಕುತ್ತದೆ ಎಂಬುದು ಈ ಲೇಖನದ ವಾದ.

ಏಕಸ್ವಾಮ್ಯ ಒಪ್ಪಂದವೇ ಎಂಬುದಕ್ಕೆ ಭಾರತದ ಶಾಸನವೇ ಸಾಕ್ಷಿ. 1957ರ ಕಾಯ್ದೆ ಮರಣಾನಂತರ 50 ವರ್ಷಗಳ ಅವಧಿ ಕೊಟ್ಟಿತ್ತು. 1941ರಲ್ಲಿ ನಿಧನರಾದ ರವೀಂದ್ರನಾಥ ಠಾಕೂರರ ಕೃತಿಗಳು 1991ರ ಕೊನೆಗೆ ಮುಕ್ತವಾಗಬೇಕಿತ್ತು. ವಿಶ್ವಭಾರತಿಯ ಕೈಯಲ್ಲಿದ್ದ ಆ ಹಕ್ಕು ತಪ್ಪುವ ಹೊತ್ತಿಗೆ ಅವಧಿಯನ್ನು 60ಕ್ಕೆ ಏರಿಸಲಾಯಿತು. ತೀರಿಕೊಂಡು ಅರ್ಧ ಶತಮಾನವಾದ ಕವಿಗೆ ಈ ಹತ್ತು ವರ್ಷ ಬರೆಯುವ ಪ್ರೇರಣೆಯಾಗಲಾರದು. ಇದಕ್ಕೆ ವ್ಯತಿರಿಕ್ತವಾಗಿ, ಕೃತಿಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದ ಲೇಖಕರ ನೈತಿಕ ಹಕ್ಕುಗಳನ್ನು ಆರ್ಥಿಕ ಹಕ್ಕುಗಳಿಂದ ಬೇರೆಯಾಗಿಯೇ ಗುರುತಿಸುತ್ತದೆ. ನಮ್ಮ ಕಾಯ್ದೆಯ 57ನೇ ಕಲಮಿನಲ್ಲಿ ಕೃತಿಯನ್ನು ವಿರೂಪಗೊಳಿಸುವುದರ ವಿರುದ್ಧದ ಹಕ್ಕಿಗೆ ಇದ್ದ ಕಾಲಮಿತಿಯನ್ನು 2012ರ ತಿದ್ದುಪಡಿ ತೆಗೆದುಹಾಕಿತು. 1963ರಲ್ಲಿ ನಿಧನರಾದ ಮಂಜೇಶ್ವರ ಗೋವಿಂದ ಪೈಯವರು ಬದುಕಿದ್ದಾಗ ಪ್ರಕಟವಾದ ಕೃತಿಗಳನ್ನು 2024ರಿಂದ ಭಾರತದಲ್ಲಿ ಯಾರು ಬೇಕಾದರೂ ಅಚ್ಚುಹಾಕಬಹುದು. ಅವರ ಹೆಸರು ಬಿಡುವ, ಪಾಠ ತಿರುಚುವ ಸ್ವಾತಂತ್ರ್ಯ ಮಾತ್ರ ಯಾರಿಗೂ ಇಲ್ಲ.

ಅಂತರ್ಜಾಲಕ್ಕೆ ಗಡಿಯಿಲ್ಲದಿರುವಾಗ ಅತಿ ಕಟ್ಟುನಿಟ್ಟಾದ ಕಾನೂನನ್ನೇ ಎಲ್ಲರೂ ಪಾಲಿಸಬೇಕು ಎಂಬ ಆಕ್ಷೇಪವಿದೆ. ಅದನ್ನು ಒಪ್ಪಿದರೆ ಮೈಸೂರಿನ ಗ್ರಂಥಾಲಯ ಏನನ್ನು ಕೊಡಬಹುದೆಂಬುದನ್ನು ವಾಷಿಂಗ್ಟನ್ ನಿರ್ಧರಿಸಿದಂತಾಗುತ್ತದೆ. ರಕ್ಷಣೆಯನ್ನು ಎಲ್ಲಿ ಕೋರಲಾಗುತ್ತದೋ ಅಲ್ಲಿನ ಕಾನೂನೇ ಅದರ ವ್ಯಾಪ್ತಿಯನ್ನು ನಿರ್ಧರಿಸುತ್ತದೆ ಎಂದು ಬರ್ನ್ ಒಪ್ಪಂದವೂ ಹೇಳುತ್ತದೆ. ಆದರೆ ಇಲ್ಲಿ ಮುಕ್ತವಾದ ಪ್ರತಿಯನ್ನು ಅಮೆರಿಕದ ಓದುಗರಿಗೆ ಮಾರುವುದು ಅಲ್ಲಿನ ಒಪ್ಪಂದವನ್ನು ಮುರಿದಂತೆಯೇ. ಇನ್ನೊಂದು ಆಕ್ಷೇಪ: ಸ್ವಾಮ್ಯ ಬರೀ ಒಪ್ಪಂದವಾದರೆ ಅದನ್ನು ಮೀರಿದರೇನು? ಒಪ್ಪಂದವಾದ ಕಾರಣಕ್ಕೇ ಅದು ನಮ್ಮನ್ನು ಕಟ್ಟಿಹಾಕುತ್ತದೆ. ಸಾವಿರ ಪ್ರತಿ ಅಚ್ಚಾಗುವ ಕನ್ನಡ ಪುಸ್ತಕದ ಪಿಡಿಎಫ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದರೆ ಪೆಟ್ಟು ಬೀಳುವುದು ಬದುಕಿರುವ ಲೇಖಕರಿಗೆ, ಸಣ್ಣ ಪ್ರಕಾಶಕರಿಗೆ. ಆದ್ದರಿಂದ ಅವಧಿ ಮುಗಿದ ಕೃತಿಗಳನ್ನು ನಮ್ಮ ವಿಶ್ವವಿದ್ಯಾಲಯಗಳೂ ಗ್ರಂಥಾಲಯಗಳೂ ಅಳುಕಿಲ್ಲದೆ, ಶುದ್ಧಪಾಠದೊಂದಿಗೆ ಹಂಚಲಿ. ಅವಧಿ ಮುಗಿಯದವನ್ನು ಓದುಗರು ಕೊಂಡು ಓದಲಿ.