ಖಾಸಗಿ ಪತ್ತೇದಾರಿಕೆಯ ಮೊದಲ ಕರಾರುಗಳು

ಶುಲ್ಕ ಪಡೆದು ಅನ್ಯರ ಪರವಾಗಿ ತನಿಖೆ ನಡೆಸುವ ಖಾಸಗಿ ಪತ್ತೇದಾರಿಕೆಯು ಕಸುಬಾಗಿ ರೂಪುಗೊಂಡದ್ದು 19ನೇ ಶತಮಾನದಲ್ಲಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಮಾಜಿ ಕೈದಿಯೂ ಮಾಜಿ ಪೊಲೀಸ್ ಅಧಿಕಾರಿಯೂ ಆಗಿದ್ದ ವಿಡೋಕ್ ತೆರೆದ ಕಚೇರಿಯು ವರ್ತಕರಿಗೆ ವಂಚಕರ ಮಾಹಿತಿ ಒದಗಿಸುತ್ತಿತ್ತು. 1850ರ ಸುಮಾರಿಗೆ, ಪೀಪಾಯಿ ಮಾಡುವ ಕಸುಬುದಾರನಾಗಿ ಸ್ಕಾಟ್ಲೆಂಡಿನಿಂದ ವಲಸೆ ಬಂದಿದ್ದ ಅಲನ್ ಪಿಂಕರ್ಟನ್ ಷಿಕಾಗೋದಲ್ಲಿ ಸ್ಥಾಪಿಸಿದ ಸಂಸ್ಥೆಗೆ ರೈಲ್ವೆ ಕಂಪನಿಗಳು ಪ್ರಮುಖ ಗಿರಾಕಿಗಳಾದವು, ಏಕೆಂದರೆ ಸ್ಥಳೀಯ ಪೊಲೀಸರ ಅಧಿಕಾರವು ಊರಿನ ಎಲ್ಲೆಗೇ ಮುಗಿಯುತ್ತಿದ್ದರೆ ಕಳ್ಳರು ರಾಜ್ಯಗಳ ಗಡಿಯನ್ನೇ ದಾಟುತ್ತಿದ್ದರು. ಕಳ್ಳನನ್ನು ಹಿಡಿದುಕೊಟ್ಟವರಿಗೆ ಸಲ್ಲುವ ಹಣವಾದ ಇನಾಮನ್ನು ನಿರಾಕರಿಸಿ ದಿನಲೆಕ್ಕದ ಶುಲ್ಕವನ್ನಷ್ಟೇ ಪಡೆಯುವುದು ಹಾಗೂ ವಿಚ್ಛೇದನದ ಪ್ರಕರಣಗಳನ್ನು ಒಪ್ಪದಿರುವುದು ಈ ಸಂಸ್ಥೆಯ ನಿಯಮಗಳಾಗಿದ್ದವು. 1856ರಲ್ಲಿ ಇಲ್ಲಿಗೆ ಸೇರಿದ ಕೇಟ್ ವಾರ್ನ್ ಅಮೆರಿಕದ ಮೊದಲ ಮಹಿಳಾ ಪತ್ತೇದಾರಳೆಂದು ಹೆಸರಾದಳು. ಆದರೆ 1892ರ ಹೋಮ್‌ಸ್ಟೆಡ್ ಉಕ್ಕು ಕಾರ್ಖಾನೆಯ ಮುಷ್ಕರದಲ್ಲಿ ಮಾಲೀಕರ ಪರವಾಗಿ ಬಂದ ಇದರ ಸುಮಾರು 300 ಕಾವಲುಗಾರರಿಗೂ ಕಾರ್ಮಿಕರಿಗೂ ಗುಂಡಿನ ಕಾಳಗ ನಡೆದು ಜೀವಹಾನಿಯಾದ ಬಳಿಕ, ಸರ್ಕಾರವು ಇಂಥ ಸಂಸ್ಥೆಗಳ ನೌಕರರನ್ನು ನೇಮಿಸಿಕೊಳ್ಳುವುದನ್ನು 1893ರ ಕಾಯಿದೆ ನಿಷೇಧಿಸಿತು.