ಮಲೆನಾಡಿನ ಗದ್ದೆಯಲ್ಲಿ ಟಿಲ್ಲರ್: ಒಂದು ತಿರುವಿನ ಚರಿತ್ರೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಭತ್ತದ ಗದ್ದೆಗಳು ಗುಡ್ಡಗಳ ನಡುವಿನ ಕಣಿವೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ತಳದಲ್ಲಿ ಬಯಲು, ಅದರ ಮೇಲೆ ಮಜಲು, ಇನ್ನೂ ಮೇಲೆ ಮಕ್ಕಿ. ಸುತ್ತ ಅಡಿಕೆ ತೋಟ, ಸೊಪ್ಪು ತರುವ ಸೊಪ್ಪಿನಬೆಟ್ಟ, ಹುಲ್ಲು ಬೆಳೆಯುವ ಬ್ಯಾಣ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲಿನ ಮಳೆಯೂ ಅದಕ್ಕೆ ಸರಿಸಮ. ಇಷ್ಟು ನೀರನ್ನು ಗದ್ದೆಯಲ್ಲಿ ಹಿಡಿದು ನಿಲ್ಲಿಸಲು ಅಂಚು ಕಟ್ಟಬೇಕು, ಅಂಚು ಇಳಿಜಾರಿನ ಬಳುಕಿಗೆ ತಕ್ಕಂತೆ ಸಾಗಬೇಕು. ಹೀಗಾಗಿ ಇಲ್ಲಿನ ಗದ್ದೆಗಳು ಉದ್ದನೆಯ ಆಯತಗಳಾಗದೆ ಸಣ್ಣ, ಬಾಗಿದ, ಮೂಲೆಗಳೇ ಹೆಚ್ಚಾಗಿರುವ ತುಂಡುಗಳಾದವು. ಇಂಥ ನೆಲದಲ್ಲಿ ಉಳುಮೆಯ ಕಷ್ಟವೆಲ್ಲ ತಿರುವಿನಲ್ಲಿದೆ.

ಜೋಡೆತ್ತು ಅಥವಾ ಕೋಣಗಳ ಹೂಟಿಯಲ್ಲಿ ಈ ಕಷ್ಟಕ್ಕೆ ಹಳೆಯ ಪರಿಹಾರವಿತ್ತು. ಮಲೆನಾಡು ಗಿಡ್ಡ ತಳಿಯ ಎತ್ತು ಆಕಾರದಲ್ಲಿ ಚಿಕ್ಕದು. ಅಂಚಿನ ಬುಡದವರೆಗೂ ಹೋಗಿ ನಿಂತಲ್ಲೇ ತಿರುಗಬಲ್ಲದು. ಉಳುವವನು ನೇಗಿಲನ್ನು ಎತ್ತಿ ಹೊಸ ಸಾಲಿಗೆ ಊರುತ್ತಿದ್ದ. ನಾಲ್ಕು ಗಾಲಿಯ ಟ್ರ್ಯಾಕ್ಟರಿಗೆ ಆ ಸೌಕರ್ಯವಿಲ್ಲ. ಅದು ಸುತ್ತು ಹಾಕಲು ಕೇಳುವ ಜಾಗದಲ್ಲೇ ಎಷ್ಟೋ ಮಕ್ಕಿಗದ್ದೆಗಳ ಅಗಲ ಮುಗಿದುಹೋಗುತ್ತದೆ. ಒಂದು ಗದ್ದೆಯಿಂದ ಇನ್ನೊಂದಕ್ಕೆ ಇಳಿಸುವಾಗ ಅಂಚು ಕುಸಿಯುತ್ತದೆ, ಕೆಸರಿನಲ್ಲಿ ಅದರ ಭಾರಕ್ಕೆ ಗಾಲಿ ಹೂತುಹೋಗುತ್ತದೆ.

ಲೆಕ್ಕ ಹಾಕಿದರೆ ತಿರುವಿನ ಮಹತ್ವ ಇನ್ನೂ ಸ್ಪಷ್ಟವಾಗುತ್ತದೆ. ಎರಡು ಗಾಲಿಯ, ಹಿಂದಿನಿಂದ ಹಿಡಿಕೆ ಹಿಡಿದು ನಡೆಸುವ ಟಿಲ್ಲರಿನ ತಿರುಗುಬ್ಲೇಡುಗಳು ಒಂದು ಸಲಕ್ಕೆ ಸುಮಾರು 60 ಸೆಂಟಿಮೀಟರ್ ಅಗಲ ಉಳುತ್ತವೆ ಎಂದಿಟ್ಟುಕೊಂಡರೆ, ಒಂದು ಎಕರೆಯನ್ನು ಒಂದು ಬಾರಿ ಉಳಲು ಯಂತ್ರದ ಹಿಂದೆ ಆರೂಮುಕ್ಕಾಲು ಕಿಲೋಮೀಟರ್ ನಡೆಯಬೇಕು. ಗದ್ದೆ 60 ಮೀಟರ್ ಉದ್ದವಿದ್ದರೆ ಅಷ್ಟರಲ್ಲಿ ನೂರಹತ್ತು ಸಲ ತಿರುಗಿಸಿದರೆ ಸಾಕು. ಅದೇ ಎಕರೆ 20 ಮೀಟರ್ ಉದ್ದದ ತುಂಡುಗಳಾಗಿ ಹಂಚಿಹೋಗಿದ್ದರೆ ಮುನ್ನೂರಕ್ಕೂ ಹೆಚ್ಚು ಸಲ ತಿರುಗಿಸಬೇಕು. ನೆಟ್ಟಿಗೆ ಮುಂಚೆ ಎರಡು ಮೂರು ಬಾರಿ ಉಳುವುದು ವಾಡಿಕೆ. ಸುಮಾರು 400 ಕಿಲೋ ತೂಗುವ ಯಂತ್ರವನ್ನು ಮೊಣಕಾಲುದ್ದ ಕೆಸರಿನಲ್ಲಿ ಅಷ್ಟು ಸಲ ತೋಳಿನ ಬಲದಿಂದ ತಿರುಗಿಸುವುದು ಯಾರ ಕೈಲೂ ಆಗದ ಕೆಲಸ. ಟಿಲ್ಲರಿನ ಹಿಡಿಕೆಗಳ ಕೆಳಗಿರುವ ಎರಡು ಪುಟ್ಟ ಲಿವರುಗಳು ಈ ಕೆಲಸವನ್ನು ಎಂಜಿನ್ನಿಗೆ ವಹಿಸಿದವು.

ಅವುಗಳ ಕೆಲಸ ಸರಳ. ಎಂಜಿನ್ನಿನ ಶಕ್ತಿ ಗೇರುಪೆಟ್ಟಿಗೆಯಿಂದ ಎಡ ಮತ್ತು ಬಲ ಗಾಲಿಗಳಿಗೆ ಹಲ್ಲಿನ ಕ್ಲಚ್ಚುಗಳ ಮೂಲಕ ಬೇರೆಬೇರೆಯಾಗಿ ಹರಿಯುತ್ತದೆ. ಎಡ ಲಿವರ್ ಎಳೆದರೆ ಎಡ ಗಾಲಿಗೆ ಹೋಗುವ ಶಕ್ತಿ ಕಡಿಯುತ್ತದೆ. ಬಲ ಗಾಲಿ ಮುಂದೆ ದೂಡುತ್ತಲೇ ಇರುವುದರಿಂದ ಯಂತ್ರ ಎಡಕ್ಕೆ ತಿರುಗುತ್ತದೆ. ಗಾಲಿ ಓರೆಯಾಗುವುದಿಲ್ಲ, ಸ್ಟಿಯರಿಂಗ್ ಚಕ್ರ ಬೇಕಿಲ್ಲ. ಆದರೆ ಮಲೆನಾಡಿನ ಇಳಿಜಾರಿನಲ್ಲಿ ಇದೇ ಏರ್ಪಾಡು ತಿರುಗುಮುರುಗಾಗುತ್ತದೆ. ಗೊಬ್ಬರವನ್ನೋ ಅಡಿಕೆ ಗೊನೆಯನ್ನೋ ಹೇರಿದ ಟ್ರೇಲರ್ ಕಟ್ಟಿಕೊಂಡು ಟಿಲ್ಲರ್ ಇಳಿಯುವಾಗ ಎಂಜಿನ್ ಗಾಲಿಗಳನ್ನು ದೂಡುವ ಬದಲು ತಡೆದು ಹಿಡಿದಿರುತ್ತದೆ. ಆಗ ಎಡ ಲಿವರ್ ಎಳೆದರೆ ಎಡ ಗಾಲಿ ಆ ಹಿಡಿತದಿಂದ ಬಿಡಿಸಿಕೊಂಡು ವೇಗವಾಗಿ ಉರುಳುತ್ತದೆ, ಯಂತ್ರ ಬಲಕ್ಕೆ ನುಗ್ಗುತ್ತದೆ. ಇಳಿಜಾರಿನಲ್ಲಿ ಲಿವರ್ ಮುಟ್ಟದೆ ಹಿಡಿಕೆಯನ್ನೇ ಒತ್ತಿ ತಿರುಗಿಸಬೇಕೆಂಬುದು ಟಿಲ್ಲರ್ ಹೊಡೆಯಲು ಕಲಿಯುವವರಿಗೆ ಹೇಳಿಕೊಡಬೇಕಾದ ಬಹು ಮುಖ್ಯ ಪಾಠ. ಬಯಲುಸೀಮೆಯ ಚಾಲಕನಿಗೆ ಅಪರೂಪಕ್ಕೆ ಬೇಕಾಗುವ ಈ ತಿಳಿವು ಮಲೆನಾಡಿನ ಏರಿಳಿತದ ರಸ್ತೆಗಳಲ್ಲಿ ದಿನವೂ ಬೇಕು. ಇಳಿಜಾರಿನ ಈ ತಿರುಗುಮುರುಗನ್ನು ಸರಿಪಡಿಸುವ ಯಾವ ಸುಧಾರಣೆಗೂ ಈ ಮೂರು ತಾಲ್ಲೂಕುಗಳಿಗಿಂತ ಒಳ್ಳೆಯ ಪರೀಕ್ಷಾಕಣ ಸಿಗಲಾರದು.

ನೆಲ ಅಗೆಯುವ ತಿರುಗುಯಂತ್ರ ಹುಟ್ಟಿದ್ದು ಭತ್ತದ ನಾಡಿನಿಂದ ಬಹು ದೂರದಲ್ಲಿ. ಸ್ವಿಟ್ಜರ್ಲೆಂಡಿನ ಕೊನ್ರಾಡ್ ಫಾನ್ ಮೆಯೆನ್‌ಬುರ್ಗ್ 1910ರ ಆಸುಪಾಸಿನಲ್ಲಿ ತಿರುಗುಕೊಕ್ಕೆಗಳ ಯಂತ್ರಕ್ಕೆ ಪೇಟೆಂಟ್ ಪಡೆದು ಯುರೋಪಿನ ಕಾರ್ಖಾನೆಗಳಿಗೆ ಪರವಾನಗಿ ಕೊಟ್ಟ. ಆಸ್ಟ್ರೇಲಿಯಾದ ಆರ್ಥರ್ ಕ್ಲಿಫರ್ಡ್ ಹೊವಾರ್ಡ್ 1912ರಲ್ಲಿ ಗಿಲ್ಗಾಂಡ್ರದ ಮನೆಯ ಜಮೀನಿನಲ್ಲಿ ಪ್ರಯೋಗ ಶುರುಮಾಡಿದ. ಅವನ ಮೊದಲ ಯಂತ್ರ ಮಣ್ಣನ್ನು ಪಕ್ಕಕ್ಕೆ ಚೆಲ್ಲುತ್ತಿತ್ತು. ಬ್ಲೇಡಿನ ತುದಿಯನ್ನು ಲಂಬಕೋನಕ್ಕೆ ಬಗ್ಗಿಸಿ, ಅವುಗಳನ್ನು ಕಿರಿದಾದ ಅಚ್ಚಿಗೆ ಜೋಡಿಸಿದ ಮೇಲೆ ಆ ದೋಷ ಹೋಯಿತು. 1920ರಲ್ಲಿ ಪೇಟೆಂಟ್ ಸಿಕ್ಕಿತು. ಭತ್ತದ ಗದ್ದೆಗೆ ಇದನ್ನು ಒಗ್ಗಿಸಿದವರು ಜಪಾನಿನವರು. ಒಕಾಯಾಮ ಪ್ರಾಂತ್ಯದ ಕೊಜಿಮಾ ಕೊಲ್ಲಿಯಲ್ಲಿ ಸಮುದ್ರದಿಂದ ಗಳಿಸಿದ ಹೊಸ ನೆಲದ ರೈತರು 1920ರ ದಶಕದಲ್ಲಿ ಸ್ವಿಸ್ ಯಂತ್ರಗಳನ್ನು ತರಿಸಿದರು. ಅವು ಕೆಸರಿನಲ್ಲಿ ಸೋತಾಗ ಸ್ಥಳೀಯ ಕಮ್ಮಾರಸಾಲೆಗಳು ಬಿಚ್ಚಿ ಮತ್ತೆ ಕಟ್ಟಿದವು. ಜಪಾನಿನಲ್ಲಿ 1905ರಿಂದಲೇ ಪೇಟೆಂಟಿನ ಜೊತೆಗೆ ಕಿರುಪೇಟೆಂಟಿನ ಕಾನೂನೂ ಇತ್ತು. ದೊಡ್ಡ ಆವಿಷ್ಕಾರವಲ್ಲದ, ಆದರೆ ಉಪಯೋಗವಿರುವ ಸುಧಾರಣೆಗೆ ಕಡಿಮೆ ಅವಧಿಯ ಹಕ್ಕು ಕೊಡುವ ಕಾನೂನು ಅದು. ಎರಡನೆಯ ಮಹಾಯುದ್ಧದ ನಂತರದ ಭೂಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿಸಿತು; 1950ರ ದಶಕದಲ್ಲಿ ಟಿಲ್ಲರ್ ಜಪಾನಿನ ಹಳ್ಳಿಹಳ್ಳಿಗೆ ತಲುಪಿತು.

ಮಲೆನಾಡಿನಲ್ಲೂ ಕ್ರಮ ಹೆಚ್ಚುಕಡಿಮೆ ಇದೇ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಗೇಣಿ ಅಳೆಯುವ ಕೊಳಗದ ಗಾತ್ರವನ್ನು ಪ್ರಶ್ನಿಸಿ ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪ ಸಂಘಟಿಸಿದ ಆ ಹೋರಾಟಕ್ಕೆ ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡರು ನಾಯಕತ್ವ ಕೊಟ್ಟರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಸಾಗರ, ಹೊಸನಗರ ತಾಲ್ಲೂಕುಗಳ ಶರಾವತಿ ಕಣಿವೆಯ ಹಳ್ಳಿಗಳು, ಗದ್ದೆಗಳು ಮುಳುಗಿದವು. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿ ಕೊನೆಯಾಯಿತು. ಗೇಣಿ ತೆತ್ತು ಉಳಿದದ್ದರಲ್ಲಿ ಬದುಕುತ್ತಿದ್ದವನು ಯಂತ್ರಕ್ಕೆ ಹಣ ಹಾಕುವ ಯೋಚನೆ ಮಾಡಲಾರ. ಗದ್ದೆ ಸ್ವಂತದ್ದಾದ ಮೇಲೆ ಆ ಲೆಕ್ಕ ಬದಲಾಯಿತು. ಯಂತ್ರದ ಚರಿತ್ರೆ ಬರೆಯುವವರು ಕಾರ್ಖಾನೆಯನ್ನಷ್ಟೇ ನೋಡಿ ಕಾಗೋಡನ್ನು ಮರೆತರೆ ಕಥೆ ಅರ್ಧವಾಗುತ್ತದೆ.

ಯಂತ್ರಗಳೂ ಆ ಹೊತ್ತಿಗೆ ಸಮೀಪದಲ್ಲೇ ತಯಾರಾಗುತ್ತಿದ್ದವು. 1967ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದೊಂದಿಗೆ ವಿ.ಎಸ್.ಟಿ. ಟಿಲ್ಲರ್ಸ್ ಟ್ರ್ಯಾಕ್ಟರ್ಸ್ ಸ್ಥಾಪನೆಯಾಯಿತು. ಅದರ ‘ಶಕ್ತಿ’ ಟಿಲ್ಲರ್ ಮಲೆನಾಡಿನಲ್ಲಿ ಮನೆಮಾತು. ಕೇರಳ ಸರ್ಕಾರದ ಕಾಮ್ಕೊ 1973ರಲ್ಲಿ ಅತ್ತಾಣಿಯಲ್ಲಿ ಶುರುವಾಯಿತು. ಅದರ ತಂತ್ರಜ್ಞಾನ ಕುಬೋಟದ್ದು. ಮುಂದೆ 2014–15ರಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೂ ಯಂತ್ರ ಸಿಗುವಂತಾಯಿತು.

ಟಿಲ್ಲರಿನ ಎರಡು ಲಿವರುಗಳಿಗೆ ಅನಿರೀಕ್ಷಿತ ನೆಂಟಸ್ತಿಕೆಯೊಂದಿದೆ: ಅಮೆರಿಕದ ಮನೆಯಂಗಳಗಳಲ್ಲಿ ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ. ಹುಲ್ಲುಹಾಸಿನ ಮೊದಲ ಯಂತ್ರಕ್ಕೆ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಪೇಟೆಂಟ್ ಪಡೆದಿದ್ದ. ಉಣ್ಣೆಬಟ್ಟೆಯ ಜುಂಗು ಸವರುವ ಯಂತ್ರವನ್ನು ನೋಡಿ ಅವನಿಗೆ ಅದು ಹೊಳೆದಿತ್ತು. 1960ರ ದಶಕದ ಆರಂಭದಲ್ಲಿ ಕ್ಯಾನ್ಸಾಸ್ ರಾಜ್ಯದ ಜಾನ್ ರೇಗಿಯರ್ ಹಿಂದಿನ ಎರಡು ಗಾಲಿಗಳನ್ನು ಎರಡು ಲಿವರುಗಳಿಂದ ಬೇರೆಬೇರೆಯಾಗಿ ನಡೆಸುವ ಯಂತ್ರ ಕಟ್ಟಿದ. ಒಂದು ಗಾಲಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಓಡಿದರೆ ಅದು ನಿಂತಲ್ಲೇ ಸುತ್ತುತ್ತದೆ. ಮುಂಗಾಲಿಗಳು ಸ್ವತಂತ್ರವಾಗಿ ಹೊರಳುವಂಥವಾದ್ದರಿಂದ ಇಳಿಜಾರಿನಲ್ಲಿ ಯಂತ್ರ ಜಾರುವುದು ಇದರ ದೌರ್ಬಲ್ಯ. ಸ್ಟಿಯರಿಂಗ್ ಚಕ್ರವೊಂದರಿಂದಲೇ ಮುಂಗಾಲಿಯ ಕೋನ, ಹಿಂಗಾಲಿಗಳ ವೇಗ ಎರಡನ್ನೂ ಹೊಂದಿಸುವ ಏರ್ಪಾಡುಗಳು ಮುಂದೆ ಬಂದದ್ದು ಇದಕ್ಕಾಗಿಯೇ.

ಪೇಟೆಂಟ್ ಪರೀಕ್ಷಕರ ಕಣ್ಣಿಗೆ ಈ ಎರಡು ಯಂತ್ರಗಳು ಒಂದೇ ಕಪಾಟಿನವು. 1971ರ ಸ್ಟ್ರಾಸ್‌ಬರ್ಗ್ ಒಪ್ಪಂದದಿಂದ ಬಂದ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ತಿರುಗುಬ್ಲೇಡಿನ ಉಳುಮೆ ‘ಎ01ಬಿ 33’, ಹುಲ್ಲು ಕತ್ತರಿಸುವುದು ‘ಎ01ಡಿ 34’. ಆದರೆ ಗಾಲಿಯನ್ನು ಓರೆ ಮಾಡದೆ, ಎರಡು ಪಕ್ಕದ ಚಾಲನೆಯ ವ್ಯತ್ಯಾಸದಿಂದ ತಿರುಗಿಸುವ ಎಲ್ಲ ವಾಹನಗಳೂ ‘ಬಿ62ಡಿ 11’ರ ಅಡಿ ಸೇರುತ್ತವೆ, ಬುಲ್‌ಡೋಜರ್ ಕೂಡ ಅಲ್ಲಿಯದೇ. ಹುಲ್ಲಿನ ಯಂತ್ರದ ತಿರುವಿನ ಬಗ್ಗೆ ಅರ್ಜಿ ಬಂದರೆ ಹಳೆಯ ಟಿಲ್ಲರ್ ದಾಖಲೆಯನ್ನು ಅದರ ವಿರುದ್ಧ ತೋರಿಸಬಹುದು, ಟಿಲ್ಲರಿನ ಅರ್ಜಿಗೆ ಹುಲ್ಲಿನ ಯಂತ್ರವನ್ನೂ ತೋರಿಸಬಹುದು.

ಭಾರತದಲ್ಲಿ ಪೇಟೆಂಟಿನ ಚರಿತ್ರೆ 1856ರ ಕಾಯಿದೆಯಿಂದ ಆರಂಭವಾಗುತ್ತದೆ. ಅದರಡಿ ಮೊದಲ ಹಕ್ಕು ಪಡೆದವನು ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್; ವಸ್ತು, ಪಂಕಾ ಎಳೆಯುವ ಯಂತ್ರ. 1911ರ ಕಾಯಿದೆ ಪೇಟೆಂಟಿನ ಆಡಳಿತವನ್ನು ನಿಯಂತ್ರಕರ ಕೈಗೆ ಒಪ್ಪಿಸಿತು. ಸ್ವಾತಂತ್ರ್ಯಾನಂತರ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರರ 1959ರ ವರದಿಯ ಆಧಾರದ ಮೇಲೆ 1970ರ ಪೇಟೆಂಟ್ ಕಾಯಿದೆ ರೂಪುಗೊಂಡು 1972ರ ಏಪ್ರಿಲ್ 20ರಂದು ಜಾರಿಗೆ ಬಂತು. ಅವಧಿ ಮೊದಲು 14 ವರ್ಷವಿದ್ದುದು 2002ರ ತಿದ್ದುಪಡಿಯಿಂದ 20 ವರ್ಷವಾಯಿತು. ಕೋಲ್ಕತ್ತ, ದೆಹಲಿ, ಮುಂಬೈ, ಚೆನ್ನೈ ಕಚೇರಿಗಳ ಪೈಕಿ ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ.

ಪರೀಕ್ಷಕರು ಮೊದಲು ಕೇಳುವುದು ಹೊಸತನವನ್ನು: ಹೇಳಿಕೊಂಡ ಅಂಶಗಳೆಲ್ಲ ಒಂದೇ ಹಳೆಯ ದಾಖಲೆಯಲ್ಲಿ ಇವೆಯೇ? ಇಲ್ಲವಾದರೆ ಮುಂದಿನದು ಆವಿಷ್ಕಾರದ ಹೆಜ್ಜೆ: ಆ ಕಸುಬು ಬಲ್ಲವನಿಗೆ ಇದು ತಾನಾಗಿ ಹೊಳೆಯುವಂಥದ್ದೇ? ಕಾಯಿದೆಯ 3ನೇ ಸೆಕ್ಷನ್ನಿನ ‘ಎಚ್’ ಉಪವಿಧಿಯ ಪ್ರಕಾರ ಬೇಸಾಯ ಅಥವಾ ತೋಟಗಾರಿಕೆಯ ವಿಧಾನಕ್ಕೆ ಪೇಟೆಂಟ್ ಇಲ್ಲ. ಬಾಗಿದ ಮಕ್ಕಿಗದ್ದೆಯನ್ನು ಯಾವ ಕ್ರಮದಲ್ಲಿ ಉಳಬೇಕೆಂಬ ಜಾಣ್ಮೆ ಎಷ್ಟೇ ಹೊಸದಾಗಿದ್ದರೂ ಅದು ಎಲ್ಲರ ಸೊತ್ತು. ಇದು ನ್ಯಾಯವಾದ ಕಟ್ಟಳೆ. ಯಂತ್ರಕ್ಕೆ ಆ ಅಡ್ಡಿಯಿಲ್ಲ, ಆದರೆ ‘ಎಫ್’ ಉಪವಿಧಿಯಿದೆ: ತಮ್ಮ ತಮ್ಮ ಹಳೆಯ ಕೆಲಸವನ್ನೇ ಬಿಡಿಬಿಡಿಯಾಗಿ ಮಾಡುವ ಸಾಧನಗಳನ್ನು ಒಟ್ಟಿಗೆ ಇಟ್ಟರೆ ಅದು ಆವಿಷ್ಕಾರವಲ್ಲ. ಟಿಲ್ಲರಿಗೆ ಸೀಟು ಬೆಸೆದರೆ ಪೇಟೆಂಟ್ ಸಿಗದು. ಇಳಿಜಾರನ್ನು ಗ್ರಹಿಸಿ, ಎಳೆದ ಲಿವರಿನ ಪಕ್ಕದ ಗಾಲಿಗೆ ತಾನಾಗಿ ಬ್ರೇಕ್ ಹಾಕಿ, ಯಂತ್ರ ಯಾವಾಗಲೂ ಎಳೆದ ಕಡೆಗೇ ತಿರುಗುವಂತೆ ಮಾಡಿದರೆ ಭಾಗಗಳು ಒಂದನ್ನೊಂದು ಅವಲಂಬಿಸಿ ಹೊಸ ಫಲ ಕೊಡುತ್ತವೆ. ಆಗ ವಾದಕ್ಕೆ ನೆಲೆಯಿದೆ. ಆದರೂ ಕ್ಲಚ್ಚಿನ ಜೊತೆ ಬ್ರೇಕ್ ಜೋಡಿಸುವುದು ಕ್ರಾಲರ್ ಟ್ರ್ಯಾಕ್ಟರುಗಳಲ್ಲಿ ಹಳೆಯ ಪದ್ಧತಿ ಎಂಬ ಆಕ್ಷೇಪ ಬಂದೇ ಬರುತ್ತದೆ, ಉತ್ತರ ಕೊಡಬೇಕಾಗುತ್ತದೆ.

ಮಾಮೂಲಿ ಮಾರ್ಪಾಡಿಗೂ ಆವಿಷ್ಕಾರಕ್ಕೂ ನಡುವಿನ ಗೆರೆಯನ್ನು ಸುಪ್ರೀಂ ಕೋರ್ಟ್ 1978ರ ಡಿಸೆಂಬರಿನಲ್ಲಿ ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಪ್ರಕರಣದಲ್ಲಿ ಎಳೆಯಿತು. ಮಿರ್ಜಾಪುರದ ಪಾತ್ರೆ ತಯಾರಕರೊಬ್ಬರ ಲೇತ್ ಸುಧಾರಣೆ ಕಾರ್ಯಾಗಾರದ ಮಾಮೂಲಿ ಕುಶಲತೆಗಿಂತ ಮುಂದೆ ಹೋಗಿಲ್ಲವೆಂದು ಪೇಟೆಂಟ್ ರದ್ದಾಯಿತು. ಕಾನೂನಿನ ತರ್ಕ ಸರಿಯಾದದ್ದೇ. ಸಣ್ಣಪುಟ್ಟ ಮಾರ್ಪಾಡಿಗೆಲ್ಲ 20 ವರ್ಷದ ಏಕಸ್ವಾಮ್ಯ ಕೊಟ್ಟರೆ ಗ್ಯಾರೇಜುಗಳೇ ನಿಂತುಹೋಗುತ್ತವೆ. ಆದರೆ ಟಿಲ್ಲರನ್ನು ಇಲ್ಲಿನ ನೆಲಕ್ಕೆ ಒಗ್ಗಿಸಿದ್ದು ಇಂಥ ಮಾರ್ಪಾಡುಗಳೇ: ಕೆಸರಿನ ಆಳಕ್ಕೆ ತಕ್ಕಂತೆ ಬೆಸೆದ ಕಬ್ಬಿಣದ ಪಂಜರಗಾಲಿ, ಅಗಲ ಕಡಿಮೆ ಮಾಡಿದ ಟ್ರೇಲರ್, ಎತ್ತರ ಬದಲಿಸಿದ ಹಿಡಿಕೆ. ಜಪಾನಿನಂಥ ಕಿರುಪೇಟೆಂಟ್ ಭಾರತದಲ್ಲಿ ಇಲ್ಲ. 2011ರಲ್ಲಿ ಕೇಂದ್ರದ ಕೈಗಾರಿಕಾ ನೀತಿ ಇಲಾಖೆ ಅದರ ಬಗ್ಗೆ ಚರ್ಚಾಪತ್ರ ಹೊರಡಿಸಿತು, ಕಾಯಿದೆ ಬರಲಿಲ್ಲ. 2000ದ ವಿನ್ಯಾಸ ಕಾಯಿದೆ ಹೊರರೂಪವನ್ನಷ್ಟೇ ಕಾಪಾಡುತ್ತದೆ. ಕೊಜಿಮಾದ ಕಮ್ಮಾರನಿಗೆ ಇದ್ದ ದಾರಿ ಸಾಗರದ ವೆಲ್ಡರನಿಗೆ ತೆರೆಯಲಿಲ್ಲ; ಅವನ ಹೆಸರು ಯಾವ ದಫ್ತರದಲ್ಲೂ ಸೇರಲಿಲ್ಲ. ಇದು ನಿಜವಾದ ನಷ್ಟ. ಹಣ ಹೋದದ್ದಕ್ಕಿಂತ, ಯಾವ ಸುಧಾರಣೆ ಎಲ್ಲಿ ಮೊದಲಾಯಿತೆಂದು ತಿಳಿಯುವ ದಾರಿ ಹೋದದ್ದು ದೊಡ್ಡದು. 2000ದಲ್ಲಿ ಆರಂಭವಾದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಹಳ್ಳಿಯ ಆವಿಷ್ಕಾರಗಳನ್ನು ದಾಖಲಿಸಿ, ಯೋಗ್ಯವಾದವಕ್ಕೆ ಪೇಟೆಂಟ್ ಅರ್ಜಿ ಹಾಕಲು ನೆರವಾಗುತ್ತಾ ಈ ಕೊರತೆಯನ್ನು ಒಂದಿಷ್ಟು ತುಂಬಿದೆ.

ಅಡಿಕೆ ತೋಟದ ಒಳಗೆ ಟಿಲ್ಲರಿಗೂ ಕೂತು ಓಡಿಸುವ ಹುಲ್ಲಿನ ಯಂತ್ರಕ್ಕೂ ದಾರಿಯಿಲ್ಲ; ಒಂಬತ್ತು ಅಡಿ ಅಂತರದ ಮರಸಾಲುಗಳ ನಡುವೆ ನೀರು ಹರಿಯುವ ಕಾದಿಗೆಗಳು ಅಡ್ಡ ಬರುತ್ತವೆ. ಅಲ್ಲಿ ಕತ್ತಿಯ ಜಾಗಕ್ಕೆ ಬಂದದ್ದು ಹೆಗಲಿಗೆ ತೂಗುಹಾಕುವ ವೀಡ್ ಕಟರ್. ಅದರ ದಾರದ ತಿರುಗುತಲೆಯ ಮೂಲ 1971ರಲ್ಲಿ ಹ್ಯೂಸ್ಟನ್ನಿನ ಜಾರ್ಜ್ ಬಲ್ಲಾಸ್ ಮಾಡಿದ ಯಂತ್ರ. ಬ್ಯಾಣದ ಕರಡದ ಹುಲ್ಲು ಕೊಯ್ಯುವುದಕ್ಕೂ ಈಗ ಅದೇ. ಅದನ್ನು ತಿರುಗಿಸುವುದು ಹೊತ್ತವನ ಸೊಂಟ.

ಈಗಿನ ನಿಯಮದಂತೆ ಪೇಟೆಂಟ್ ಅರ್ಜಿ ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟವಾಗುತ್ತದೆ. ಪರೀಕ್ಷೆಗೆ ಪ್ರತ್ಯೇಕ ಕೋರಿಕೆ ಸಲ್ಲಿಸಬೇಕು. ಅದಕ್ಕೆ ಮೊದಲು 48 ತಿಂಗಳ ಗಡುವಿತ್ತು, 2024ರ ಮಾರ್ಚ್ ತಿದ್ದುಪಡಿಯಿಂದ ಅದು 31 ತಿಂಗಳಿಗೆ ಇಳಿದಿದೆ. ದೊಡ್ಡ ಕಂಪನಿ ತೆರುವ ಶುಲ್ಕದ ಐದನೇ ಒಂದು ಭಾಗವನ್ನಷ್ಟೇ ವ್ಯಕ್ತಿಗಳು ತೆರಬೇಕು. ಪ್ರಕಟವಾದ ಅರ್ಜಿಯನ್ನು ಪೇಟೆಂಟ್ ಸಿಗುವ ಮುಂಚೆಯೇ 25ನೇ ಸೆಕ್ಷನ್ನಿನ ಅಡಿ ಯಾರು ಬೇಕಾದರೂ ವಿರೋಧಿಸಬಹುದು. ಅರ್ಜಿ ಸಲ್ಲುವ ಮೊದಲೇ ಆ ಏರ್ಪಾಡು ತನ್ನೂರಿನ ಟಿಲ್ಲರುಗಳಲ್ಲಿ ಬಹಿರಂಗವಾಗಿ ಬಳಕೆಯಲ್ಲಿತ್ತೆಂದು ಪುರಾವೆ ಸಮೇತ ತೋರಿಸುವ ಹಕ್ಕು ಹೊಸನಗರದ ಮೆಕ್ಯಾನಿಕ್ಕಿಗೂ ಉಂಟು.