ಶುಕ್ರಗ್ರಸ್ತ ಸೂರ್ಯಗ್ರಹಣವೂ ಅನ್ಯಸೂರ್ಯರ ಗ್ರಹಗಳ ಪರಿಮಾಣವೂ

ಕ್ರಿ. ಶ. 1874ನೆಯ ಇಸವಿ ಡಿಸೆಂಬರ್ 9ರಂದು ಶುಕ್ರಗ್ರಹವು ಸೂರ್ಯಬಿಂಬವನ್ನು ಅಡ್ಡಹಾಯ್ದಿತು. ಕನ್ನಡನಾಡಿನಲ್ಲಿ ಅಂದು ಸೂರ್ಯೋದಯವಾದ ಬಳಿಕ ಸ್ಪರ್ಶವೂ ಮಧ್ಯಾಹ್ನಕ್ಕೆ ಮುಂಚೆ ಮೋಕ್ಷವೂ ಆದುವು. ಬಳ್ಳಾರಿಯ ದಾರಿಯಲ್ಲಿರುವ ಮೊಳಕಾಲ್ಮೂರು ಸೀಮೆಯ ರಾಂಪುರವೂ ಈ ಸಂಕ್ರಮಣವು ಆದ್ಯಂತವಾಗಿ ಗೋಚರಿಸತಕ್ಕ ಪ್ರದೇಶದೊಳಗೇ ಇದ್ದಿತು.

ಮದರಾಸು ವೇಧಶಾಲೆಯ ಚಿಂತಾಮಣಿ ರಘುನಾಥಾಚಾರ್ಯರು ಈ ವಿಷಯವಾಗಿ ಬರೆದ ಪುಸ್ತಿಕೆಯು ಕನ್ನಡದಲ್ಲಿ ‘ಶುಕ್ರಗ್ರಸ್ತ ಸೂರ್ಯಗ್ರಹಣ’ವೆಂಬ ಹೆಸರಿನಿಂದ ಹೊರಬಂದಿತು. ಗ್ರಹಣವೆಂಬ ಶಬ್ದವು ಪಂಚಾಂಗವನ್ನು ಬಲ್ಲವರಿಗೆ ಪರಿಚಿತವಾದುದು. ಆದರೆ ಶುಕ್ರಬಿಂಬದ ವ್ಯಾಸವು ಸೂರ್ಯಬಿಂಬದ ವ್ಯಾಸದಲ್ಲಿ ಸುಮಾರು ಮೂವತ್ತನೆಯ ಒಂದು ಪಾಲು ಮಾತ್ರ. ಆದುದರಿಂದ ಮರೆಯಾಗುವ ಬೆಳಕು ಸಾವಿರದಲ್ಲೊಂದು ಪಾಲಿನಷ್ಟೇ. ಕತ್ತಲೆ ಕವಿಯದ ಗ್ರಹಣವಿದು.

ಕೆಪ್ಲರನ ಮೂರನೆಯ ನಿಯಮದಿಂದ ಗ್ರಹಗಳ ದೂರಗಳ ಪರಸ್ಪರ ಪ್ರಮಾಣವು ತಿಳಿದಿದ್ದರೂ ಅವುಗಳನ್ನು ಮೈಲಿಗಳಲ್ಲಿ ಹೇಳುವ ಅಳತೆಗೋಲು ಬೇಕಾಗಿದ್ದಿತು. ಭೂಮಿಯ ದೂರದೂರದ ಎಡೆಗಳಿಂದ ಸಂಕ್ರಮಣಕಾಲವನ್ನು ಅಳೆದರೆ ಸೂರ್ಯನ ದೂರವು ದೊರೆಯುವುದೆಂದು ಹ್ಯಾಲಿಯು 1716ರಲ್ಲಿ ತೋರಿಸಿದ್ದನು. ಆದರೆ ಶುಕ್ರನು ಸೂರ್ಯನ ಅಂಚನ್ನು ಬಿಡುವಾಗ ನಡುವೆ ಕರಿಯ ಹನಿಯಂತಹದೊಂದು ಎಳೆಯು ಕಾಣುತ್ತಿದ್ದುದರಿಂದ ಸ್ಪರ್ಶದ ಕ್ಷಣವನ್ನು ನಿರ್ಣಯಿಸುವುದರಲ್ಲಿ ನೋಡಿದವರೊಳಗೇ ಭೇದವುಂಟಾಯಿತು.

ಅದೇ ನ್ಯಾಯವು 1999ರಲ್ಲಿ ಬೇರೊಂದು ನಕ್ಷತ್ರಕ್ಕೆ ಅನ್ವಯಿಸಿತು. ಎಚ್‌ಡಿ 209458 ಎಂಬ ನಕ್ಷತ್ರದ ಬೆಳಕು ಸುಮಾರು ಮೂರೂವರೆ ದಿನಗಳಿಗೊಮ್ಮೆ ನೂರರಲ್ಲಿ ಒಂದೂವರೆ ಪಾಲಿನಷ್ಟು ಕುಂದುವುದು ಕಂಡುಬಂದಿತು. ಇಲ್ಲಿ ಬಿಂಬವು ಕಾಣದು. ಬೆಳಕಿನ ಏರಿಳಿತವೊಂದೇ ಸಾಕ್ಷಿ. ಕುಂದಿನ ಆಳದಿಂದ ನಕ್ಷತ್ರದ ವ್ಯಾಸಕ್ಕೆ ಗ್ರಹದ ವ್ಯಾಸವೆಷ್ಟು ಪಾಲೆಂಬುದೂ, ಮರುಕಳಿಸುವ ಅವಧಿಯಿಂದ ಪರಿಭ್ರಮಣಕಾಲವೂ, ಕುಂದಿರುವ ವೇಳೆಯಿಂದಲೂ ಅದರ ಆಕಾರದಿಂದಲೂ ಕಕ್ಷೆಯ ವಾಲುವಿಕೆಯೂ ತಿಳಿಯುತ್ತವೆ. ವರ್ಣಪಟಲದಿಂದ ನಕ್ಷತ್ರದ ಓಲಾಟವನ್ನು ಅಳೆದರೆ ಗ್ರಹದ ದ್ರವ್ಯರಾಶಿಯೂ, ಅದರಿಂದ ಸಾಂದ್ರತೆಯೂ ದೊರೆಯುತ್ತವೆ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಅರಿತ್ರ ಚಕ್ರವರ್ತಿ ಮತ್ತು ಸುಜನ್ ಸೇನ್‌ಗುಪ್ತ ಎಂಬವರು 2019ರಲ್ಲಿ ಇಂತಹ ಐದು ಗ್ರಹಗಳ ಪರಿಮಾಣಗಳನ್ನು ಪರಿಷ್ಕರಿಸಿ ಪ್ರಕಟಿಸಿದರು. ಅವರಿಗೆ ಒದಗಿದುವು ಕಾವಲೂರಿನ 1.3 ಮೀಟರಿನ ದೂರದರ್ಶಕವೂ, ಹೊಸಕೋಟೆಯಿಂದ ನಡೆಯಿಸಲ್ಪಡುವ ಲಡಾಖಿನ ಹಾನ್ಲೆಯ 2 ಮೀಟರಿನ ದೂರದರ್ಶಕವೂ. ವಾಯುಮಂಡಲದ ಚಾಂಚಲ್ಯದಿಂದ ಬೆಳಕಿನಲ್ಲಿ ಸೇರುವ ದೋಷಗಳನ್ನು ಗಣಿತಕ್ರಮದಿಂದ ಶೋಧಿಸಿ ತೆಗೆದುದೇ ಈ ಕಾರ್ಯದ ವಿಶೇಷವು.

ಎರಡು ಕಾಲಗಳಿಗೂ ಒಂದು ಸಾಮ್ಯವುಂಟು. ಸಂಕ್ರಮಣವು ಪ್ರಮಾಣವನ್ನು ಕೊಡುತ್ತದೆಯೇ ಹೊರತು ಅಳತೆಗೋಲನ್ನು ತಾನಾಗಿ ಕೊಡುವುದಿಲ್ಲ. 1874ರಲ್ಲಿ ಆ ಗೋಲು ಭೂಮಿಯ ಮೇಲಣ ಎರಡು ಎಡೆಗಳ ಅಂತರ. ಈಗಲಾದರೋ ನಕ್ಷತ್ರದ ವ್ಯಾಸ. ಅದರಲ್ಲಿ ತಪ್ಪಿದರೆ ಗ್ರಹದ ವ್ಯಾಸವೂ ಅದೇ ಪ್ರಮಾಣದಲ್ಲಿ ತಪ್ಪುವುದು. ಸಾಂದ್ರತೆಯು ಅದರ ಮೂರರಷ್ಟು ಕೆಡುವುದು. ಬಂಡೆಯ ಗ್ರಹವೋ ಅನಿಲದ ಗ್ರಹವೋ ಎಂಬ ನಿರ್ಣಯವು ಹೀಗೆ ತಾಯಿನಕ್ಷತ್ರದ ಅಳತೆಯನ್ನೇ ಆಶ್ರಯಿಸಿದೆ.